ಅಯಾನುಗಳ ಕಿಡಿ, ಇಂಧನದ ಗುಳಿಗೆ: ವಿನ್ಯಾಸ ಮತ್ತು ಕಸುಬು

ಭೌತಿಕ ಸಂಸ್ಕೃತಿಯ ಅಧ್ಯಯನವು ಕನ್ನಡದಲ್ಲಿ ಬಹುಮಟ್ಟಿಗೆ ನೇಗಿಲು, ಗಾಣ, ಮಗ್ಗ, ತಿಗರಿ, ಎರಕದ ಮೂಸೆಗಳ ಸುತ್ತಲೇ ಬೆಳೆದುಬಂದಿದೆ. ಅದು ಸಹಜವೂ ಹೌದು. ಆದರೆ ಕೈಯ ತಿಳಿವಳಿಕೆಯೆಂಬುದು ಹಳೆಯ ಉಪಕರಣಗಳೊಂದಿಗೆ ಮುಗಿದುಹೋಗುವ ಸಂಗತಿಯಲ್ಲ. ಜಗತ್ತಿನ ಅತ್ಯಂತ ದುಬಾರಿಯಾದ ಪ್ರಯೋಗಶಾಲೆಗಳಲ್ಲಿಯೂ ಕಾಗದದ ಮೇಲಿನ ಲೆಕ್ಕ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಕಸುಬು ಆರಂಭವಾಗುತ್ತದೆ. ಲೇಸರ್ ಸಮ್ಮಿಳನದಲ್ಲಿ ಬಳಸುವ ಇಂಧನ ಗುಳಿಗೆ ಇದಕ್ಕೊಂದು ಒಳ್ಳೆಯ ನಿದರ್ಶನ. ಅದರಲ್ಲಿಯೂ ಲೇಸರಿನಿಂದ ಹುಟ್ಟಿಸಿದ ಅಯಾನು ಕಿರಣದಿಂದ ಹೊತ್ತಿಸಬೇಕೆಂದು ಯೋಜಿಸಲಾಗಿರುವ ಗುಳಿಗೆಯ ವಿನ್ಯಾಸವನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸುತ್ತದೆ. ಭೌತವಿಜ್ಞಾನದ ವಿವರಗಳನ್ನು ಇಲ್ಲಿ ತುಸು ವಿಸ್ತಾರವಾಗಿಯೇ ನೀಡಲಾಗಿದೆ. ವಸ್ತುವಿನ ಕೆಲಸವನ್ನು ಅರಿಯದೆ ಅದರ ಮಾಟವನ್ನು ಮಾತ್ರ ಬಣ್ಣಿಸುವ ಬರಹಗಳು ನಮ್ಮ ಕ್ಷೇತ್ರದಲ್ಲಿ ಈಗಾಗಲೇ ಸಾಕಷ್ಟಿವೆ.

ಗುಳಿಗೆಯ ಕೆಲಸ

ಬೈಜಿಕ ಸಮ್ಮಿಳನಕ್ಕೆ ಭೂಮಿಯ ಮೇಲೆ ಎಲ್ಲಕ್ಕಿಂತ ಸುಲಭವಾಗಿ ಒಗ್ಗುವ ಇಂಧನವೆಂದರೆ ಜಲಜನಕದ ಎರಡು ಭಾರವಾದ ಐಸೊಟೋಪುಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳ ಮಿಶ್ರಣ. ಇವುಗಳ ಬೀಜಕಣಗಳೆರಡು ಕೂಡಿಕೊಂಡಾಗ 17.6 ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳಷ್ಟು (ಈ ಮಾನವನ್ನು ಮುಂದೆ ಎಂ.ಇ.ವಿ. ಎಂದು ಸೂಚಿಸಲಾಗಿದೆ) ಶಕ್ತಿ ಹೊರಬೀಳುತ್ತದೆ. ಅದರಲ್ಲಿ 14.1 ಎಂ.ಇ.ವಿ.ಯನ್ನು ನ್ಯೂಟ್ರಾನು ಹೊತ್ತೊಯ್ಯುತ್ತದೆ, ಉಳಿದ 3.5 ಎಂ.ಇ.ವಿ. ಆಲ್ಫಾ ಕಣದ ಪಾಲಿಗೆ ಬರುತ್ತದೆ. ನ್ಯೂಟ್ರಾನು ಬಹುತೇಕ ಹೊರಗೆ ಹಾರಿಹೋಗುವುದಾದರೆ, ಆಲ್ಫಾ ಕಣವು ಇಂಧನದಲ್ಲಿಯೇ ನಿಂತು ಅದನ್ನು ಇನ್ನಷ್ಟು ಕಾಯಿಸುತ್ತದೆ. ಹೀಗೆ ಬೆಂಕಿಯು ತನ್ನ ಕಾವಿನಿಂದಲೇ ತಾನು ಹಬ್ಬತೊಡಗುವ ಸ್ಥಿತಿಗೆ ಜ್ವಲನವೆಂದು ಹೆಸರು. ಒಂದು ಮಿಲಿಗ್ರಾಂ ಇಂಧನ ಪೂರ್ಣವಾಗಿ ಉರಿದರೆ ದೊರೆಯುವುದು ಸುಮಾರು 340 ಮೆಗಾಜೂಲ್. ಎಂದರೆ ಎಂಬತ್ತು ಕಿಲೋಗ್ರಾಂ ಟಿ.ಎನ್.ಟಿ. ಸಿಡಿಮದ್ದಿನ ಶಕ್ತಿ. ಸ್ಫೋಟವನ್ನು ಒಂದು ಕೋಣೆಯೊಳಗೆ ತಡೆದುಕೊಳ್ಳಬೇಕಾದರೆ ಗುಳಿಗೆಯಲ್ಲಿನ ಇಂಧನವು ಮಿಲಿಗ್ರಾಂ ಲೆಕ್ಕದಲ್ಲಿಯೇ ಇರಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟು ಚಿಕ್ಕ ಇಂಧನವು ಕಾದೊಡನೆ ಚದುರಿಹೋಗುತ್ತದೆ. ಚದುರುವುದಕ್ಕೂ ಒಂದಿಷ್ಟು ಕಾಲ ಹಿಡಿಯುತ್ತದೆ, ಏಕೆಂದರೆ ದ್ರವ್ಯಕ್ಕೆ ಜಡತ್ವವಿದೆ. ಆ ಕಾಲದೊಳಗೆ ಉರಿದು ಮುಗಿಯಬೇಕಾದರೆ ಇಂಧನವನ್ನು ಮೊದಲು ಅಪಾರವಾಗಿ ಒತ್ತಿ ಸಾಂದ್ರಗೊಳಿಸಬೇಕು. ಹೆಪ್ಪುಗಟ್ಟಿದ ಡ್ಯೂಟೀರಿಯಂ-ಟ್ರಿಟಿಯಂ ಹಿಮದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು ಕಾಲು ಗ್ರಾಂ. ಅದನ್ನು ಸಾವಿರ ಪಟ್ಟಿಗೂ ಹೆಚ್ಚು ಒತ್ತಬೇಕಾಗುತ್ತದೆ. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜಾನ್ ನಕಲ್ಸ್ ಮತ್ತು ಸಂಗಡಿಗರು 1972ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಇದರ ಮಾರ್ಗವನ್ನು ಬಹಿರಂಗವಾಗಿ ತಿಳಿಸಿತು. ಟೊಳ್ಳುಗೋಲದ ಹೊರಚಿಪ್ಪನ್ನು ಲೇಸರಿನಿಂದ ಏಕಕಾಲದಲ್ಲಿ ಎಲ್ಲ ದಿಕ್ಕುಗಳಿಂದಲೂ ಆವಿಯಾಗಿಸಿದರೆ, ಆವಿಯು ಹೊರಕ್ಕೆ ಚಿಮ್ಮುವ ರಭಸಕ್ಕೆ ಪ್ರತಿಯಾಗಿ ಉಳಿದ ಚಿಪ್ಪು ಒಳಕ್ಕೆ ನುಗ್ಗುತ್ತದೆ. ರಾಕೆಟ್ಟು ಮೇಲೇರುವ ತತ್ವವೇ ಇಲ್ಲಿ ಕೇಂದ್ರದ ಕಡೆಗೆ ತಿರುಗಿದೆ.

ಈ ಯಂತ್ರಗಳಿಗೆ ಇಟ್ಟ ಹೆಸರುಗಳು ಜಾನಪದ ಅಭ್ಯಾಸಿಯ ಕಣ್ಣಿಗೆ ಬೀಳದಿರಲು ಸಾಧ್ಯವಿಲ್ಲ. ಲಿವರ್‌ಮೋರಿನಲ್ಲಿ ಒಂದೇ ಕಿರಣವಿದ್ದ ಲೇಸರಿಗೆ ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನಾದ ಸೈಕ್ಲಾಪ್ಸನ ಹೆಸರನ್ನೂ, ಎರಡು ಕಿರಣಗಳಿದ್ದುದಕ್ಕೆ ರೋಮನರ ಇಮ್ಮೊಗದ ದೇವತೆ ಜೇನಸನ ಹೆಸರನ್ನೂ ಇಟ್ಟರು. 1977ರಲ್ಲಿ ಸಿದ್ಧವಾದ ಇಪ್ಪತ್ತು ಕಿರಣಗಳ ಯಂತ್ರಕ್ಕೆ ಬಹುಬಾಹುಗಳ ದೇವರೆಂಬ ಕಾರಣದಿಂದ ‘ಶಿವ’ನ ಹೆಸರನ್ನು ಆರಿಸಿಕೊಂಡರು. ಶಿವ ಯಂತ್ರದ ಅವಕೆಂಪು ಬೆಳಕು ಪ್ಲಾಸ್ಮಾದಲ್ಲಿ ಅತಿವೇಗದ ಎಲೆಕ್ಟ್ರಾನುಗಳನ್ನು ಹುಟ್ಟಿಸಿ, ಒತ್ತುವುದಕ್ಕೆ ಮೊದಲೇ ಇಂಧನವನ್ನು ಕಾಯಿಸಿಬಿಡುತ್ತಿತ್ತು. ಕಾದದ್ದನ್ನು ಒತ್ತುವುದು ಕಷ್ಟ. ಮುಂದಿನ ‘ನೋವಾ’ ಯಂತ್ರದಲ್ಲಿ ಬೆಳಕಿನ ಆವರ್ತನವನ್ನು ಮೂರು ಪಟ್ಟು ಮಾಡಿ ನೇರಳಾತೀತಕ್ಕೆ ತಂದುಕೊಂಡದ್ದು ಈ ಪಾಠದಿಂದಲೇ.

ಲಿವರ್‌ಮೋರಿನ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯು 192 ಕಿರಣಗಳಿಂದ ಈ ಮಾರ್ಗವನ್ನು ಗುರಿ ಮುಟ್ಟಿಸಿತು. 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಶಕ್ತಿಗೆ ಪ್ರತಿಯಾಗಿ 3.15 ಮೆಗಾಜೂಲ್ ಸಮ್ಮಿಳನ ಶಕ್ತಿ ದೊರೆಯಿತು. ಆ ಲೇಸರನ್ನು ಉಡಾಯಿಸಲು ವಿದ್ಯುತ್ ಜಾಲದಿಂದ ಪಡೆದದ್ದು ಸುಮಾರು 300 ಮೆಗಾಜೂಲ್ ಎಂಬುದನ್ನೂ ಜೊತೆಗೇ ಹೇಳಬೇಕು. ಅಲ್ಲಿ ನಡೆದದ್ದು ಕೇಂದ್ರಬಿಂದುವಿನ ಜ್ವಲನ: ಒಳನುಗ್ಗುವ ಚಿಪ್ಪು ತಾನೇ ಇಂಧನವನ್ನು ಒತ್ತಬೇಕು, ತಾನೇ ನಟ್ಟನಡುವೆ ಕಿಡಿಯನ್ನೂ ಹೊತ್ತಿಸಬೇಕು. ಇದಕ್ಕೆ ಚಿಪ್ಪಿನ ತ್ರಿಜ್ಯವು ಮೂವತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಯಬೇಕಾಗುತ್ತದೆ. ತೆಂಗಿನಕಾಯಿಯೊಂದನ್ನು ಎಲ್ಲ ಬದಿಯಿಂದ ಒತ್ತಿ, ಅದರ ದುಂಡುತನ ಕೆಡದಂತೆ, ಮೆಣಸಿನಕಾಳಿನ ಗಾತ್ರಕ್ಕೆ ತಂದಂತೆ. ಒಂದು ಬದಿಯಲ್ಲಿ ಅತ್ಯಲ್ಪ ಏರುಪೇರಾದರೂ ನಡುವಿನ ಕಿಡಿ ಆರಿಹೋಗುತ್ತದೆ.

ಒತ್ತುವುದು ಬೇರೆ, ಹೊತ್ತಿಸುವುದು ಬೇರೆ

ಈ ಎರಡು ಕೆಲಸಗಳನ್ನೂ ಬೇರ್ಪಡಿಸಬಾರದೇಕೆ ಎಂಬ ಪ್ರಶ್ನೆಯಿಂದ ಕ್ಷಿಪ್ರ ಜ್ವಲನದ ಕಲ್ಪನೆ ಹುಟ್ಟಿತು. ಮ್ಯಾಕ್ಸ್ ಟಬಾಕ್ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಸಮಗ್ರವಾಗಿ ಮಂಡಿಸಿದರು. ಮೊದಲು ಇಂಧನವನ್ನು ತಣ್ಣಗೆ, ಒಂದೇ ಸಮನಾದ ಸಾಂದ್ರತೆಯ ಗುಡ್ಡೆಯಾಗಿ ಒತ್ತುವುದು. ಅದು ಗರಿಷ್ಠ ಸಾಂದ್ರತೆಗೆ ಬಂದ ಕ್ಷಣದಲ್ಲಿ ಬದಿಯೊಂದರಿಂದ ಪ್ರತ್ಯೇಕ ಕಿರಣವನ್ನು ಹೊಡೆದು ಒಂದು ಮೂಲೆಯನ್ನು ಹೊತ್ತಿಸುವುದು. ಹಳೆಯ ಮಾರ್ಗವನ್ನು ಡೀಸೆಲ್ ಎಂಜಿನ್ನಿಗೂ ಹೊಸದನ್ನು ಸ್ಪಾರ್ಕ್ ಪ್ಲಗ್ ಇರುವ ಪೆಟ್ರೋಲ್ ಎಂಜಿನ್ನಿಗೂ ಹೋಲಿಸುವುದು ಈ ಕ್ಷೇತ್ರದವರಲ್ಲಿ ಬಾಯಿಂದ ಬಾಯಿಗೆ ಬಂದಿರುವ ರೂಢಿ. ಈ ಹೋಲಿಕೆ ಬಳಕೆಯಿಂದ ಸವೆದಿದ್ದರೂ ಸತ್ಯಕ್ಕೆ ಹತ್ತಿರವಾಗಿಯೇ ಇದೆ.

ಕಿಡಿಗೆ ಬೇಕಾದ ಶಕ್ತಿ ಎಷ್ಟೆಂಬುದನ್ನು ಇಟಲಿಯ ಸ್ಟೆಫಾನೊ ಅಟ್ಜೆನಿ 1999ರಲ್ಲಿ ಲೆಕ್ಕ ಹಾಕಿದರು. ಅವರ ಸೂತ್ರದಂತೆ ಇಂಧನದ ಸಾಂದ್ರತೆ ಘನ ಸೆಂಟಿಮೀಟರಿಗೆ 300 ಗ್ರಾಂ ಇದ್ದಾಗ ಸುಮಾರು 18 ಕಿಲೋಜೂಲ್ ಶಕ್ತಿಯನ್ನು 20 ಮೈಕ್ರಾನ್ ತ್ರಿಜ್ಯದ ಜಾಗಕ್ಕೆ 20 ಪಿಕೊಸೆಕೆಂಡುಗಳೊಳಗೆ ತಲುಪಿಸಬೇಕು. ಒಂದು ಪಿಕೊಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು; ಅಷ್ಟರಲ್ಲಿ ಬೆಳಕು ಸಾಗುವುದು ಮಿಲಿಮೀಟರಿನ ಮೂರನೆಯ ಒಂದು ಪಾಲು ಮಾತ್ರ. ಸಾಂದ್ರತೆ ಕಡಮೆಯಾದರೆ ಬೇಕಾಗುವ ಶಕ್ತಿ ಬಲುಬೇಗ ಏರುತ್ತದೆ: 100 ಗ್ರಾಂ ಸಾಂದ್ರತೆಯಲ್ಲಿ ಅದು 140 ಕಿಲೋಜೂಲ್. ಹೀಗಾಗಿ ಒತ್ತುವ ಕೆಲಸದಲ್ಲಿ ಮಾಡಿದ ಉದಾಸೀನಕ್ಕೆ ಹೊತ್ತಿಸುವಲ್ಲಿ ದಂಡ ತೆರಬೇಕಾಗುತ್ತದೆ.

ಕಿಡಿಯನ್ನು ಒಯ್ಯುವವರು ಯಾರು? ಲೇಸರ್ ಬೆಳಕು ಸಾಂದ್ರ ಪ್ಲಾಸ್ಮಾದ ಅಂಚಿನಲ್ಲಿಯೇ ತಡೆಯಲ್ಪಡುತ್ತದೆಯಾದ್ದರಿಂದ ಒಳಕ್ಕೆ ಹೋಗಲು ಕಣಗಳ ಸಹಾಯ ಬೇಕು. ಮೊದಲ ಯೋಜನೆಯಲ್ಲಿ ಆ ಕೆಲಸ ಎಲೆಕ್ಟ್ರಾನುಗಳದಾಗಿತ್ತು. ಅವು ಹಗುರ, ಹೊರಟಲ್ಲಿಂದಲೇ ಅಗಲವಾಗಿ ಚೆದುರುತ್ತವೆ, ದಾರಿಯುದ್ದಕ್ಕೂ ಶಕ್ತಿಯನ್ನು ಚೆಲ್ಲುತ್ತ ಹೋಗುತ್ತವೆ. ಅಯಾನುಗಳ ಸ್ವಭಾವವೇ ಬೇರೆ. ಭಾರವಾದ ಕಣವು ಬಹುತೇಕ ನೇರವಾಗಿ ಸಾಗಿ, ತನ್ನ ಓಟದ ಕೊನೆಯಲ್ಲಿ, ನಿಲ್ಲುವ ಮುನ್ನ, ಶಕ್ತಿಯ ದೊಡ್ಡ ಪಾಲನ್ನು ಸುರಿಯುತ್ತದೆ. ವಿಲಿಯಂ ಬ್ರಾಗ್ ಇದನ್ನು ಗುರುತಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಪ್ರೋಟಾನುಗಳಿಂದ ಕ್ಯಾನ್ಸರ್ ಗಡ್ಡೆಗಳಿಗೆ ನೀಡುವ ಚಿಕಿತ್ಸೆಯೂ ಇದೇ ಗುಣವನ್ನು ಅವಲಂಬಿಸಿದೆ.

ಲೇಸರಿನಿಂದ ಅಂತಹ ಪ್ರೋಟಾನ್ ಕಿರಣ ದೊರೆಯುತ್ತದೆಂಬುದು 2000ದಲ್ಲಿ ಲಿವರ್‌ಮೋರಿನ ನೋವಾ ಪೆಟಾವಾಟ್ ಲೇಸರಿನ ಪ್ರಯೋಗಗಳ ಪ್ರಕಟಣೆಯಿಂದ ಖಚಿತವಾಯಿತು. ತೆಳುವಾದ ಲೋಹದ ಹಾಳೆಯ ಮುಂಬದಿಗೆ ಲೇಸರ್ ಬಡಿದಾಗ ಅತಿವೇಗದ ಎಲೆಕ್ಟ್ರಾನುಗಳು ಹಿಂಬದಿಯಿಂದ ಹೊರಚಿಮ್ಮುತ್ತವೆ. ಅವುಗಳಿಗೂ ಹಾಳೆಗೂ ನಡುವೆ ಮೀಟರಿಗೆ ಲಕ್ಷ ಕೋಟಿ ವೋಲ್ಟುಗಳ ಪ್ರಮಾಣದ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಆ ಕ್ಷೇತ್ರ ಹಾಳೆಯ ಹಿಂಬದಿಯಲ್ಲಿರುವ ಪ್ರೋಟಾನುಗಳನ್ನು ಕಿತ್ತು ಎಸೆಯುತ್ತದೆ. ಕುತೂಹಲದ ಸಂಗತಿಯೆಂದರೆ ಆ ಪ್ರೋಟಾನುಗಳನ್ನು ಅಲ್ಲಿ ಯಾರೂ ಇಟ್ಟಿರಲಿಲ್ಲ. ಲೋಹದ ಮೇಲೆ ತಾನಾಗಿ ಕುಳಿತ ನೀರಾವಿ, ಎಣ್ಣೆಯ ಜಿಡ್ಡು ಮೊದಲಾದ ಕೊಳೆಯಲ್ಲಿದ್ದ ಜಲಜನಕವೇ ಅವುಗಳ ಮೂಲ. ಇಂಗಾಲದಂತಹ ಭಾರದ ಅಯಾನುಗಳು ಬೇಕಾದವರು ಹಾಳೆಯನ್ನು ಚೆನ್ನಾಗಿ ಕಾಯಿಸಿ ಈ ಕೊಳೆಯನ್ನು ಕಳೆಯಬೇಕಾಗುತ್ತದೆ. ಇಲ್ಲದಿದ್ದರೆ ಹಗುರವಾದ ಪ್ರೋಟಾನುಗಳೇ ಮುನ್ನುಗ್ಗಿ ಕ್ಷೇತ್ರದ ಶಕ್ತಿಯನ್ನು ದೋಚುತ್ತವೆ. ಮಾರ್ಕುಸ್ ರೋತ್ ಮತ್ತು ಸಂಗಡಿಗರು 2001ರಲ್ಲಿ ಈ ಪ್ರೋಟಾನ್ ಕಿರಣದಿಂದಲೇ ಗುಳಿಗೆಯನ್ನು ಹೊತ್ತಿಸುವ ಪ್ರಸ್ತಾವವನ್ನು ಮುಂದಿಟ್ಟರು.

ಹಾಳೆಯ ಆಕಾರ, ಕಿರಣದ ಆಕಾರ

ವಿನ್ಯಾಸದ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಅಂಶ ಇಲ್ಲಿದೆ. ಪ್ರೋಟಾನುಗಳು ಹಾಳೆಯ ಮೇಲ್ಮೈಗೆ ಲಂಬವಾಗಿ ಹೊರಡುತ್ತವೆ. ಆದ್ದರಿಂದ ಹಾಳೆಯನ್ನು ಚಪ್ಪಟೆಯಾಗಿ ಬಿಡದೆ ಅರ್ಧಗೋಲದ ಬಟ್ಟಲಿನಂತೆ ಮಾಡಿದರೆ ಕಿರಣವು ಬಟ್ಟಲಿನ ಕೇಂದ್ರದ ಕಡೆಗೆ ಕೂಡಿಕೊಳ್ಳುತ್ತದೆ. ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಇಲ್ಲಿ ಮಸೂರವಿಲ್ಲ, ಅಯಸ್ಕಾಂತವಿಲ್ಲ. ಕುಶಲಕರ್ಮಿಯು ಹಾಳೆಗೆ ಕೊಟ್ಟ ಬಾಗೇ ಕಿರಣದ ಗುರಿಯನ್ನು ನಿರ್ಧರಿಸುತ್ತದೆ.

ಆ ಬಟ್ಟಲನ್ನು ಇಂಧನದಿಂದ ಎಷ್ಟು ದೂರದಲ್ಲಿರಿಸಬೇಕು? ಹೀಗೆ ಹುಟ್ಟಿದ ಪ್ರೋಟಾನುಗಳೆಲ್ಲಕ್ಕೂ ಒಂದೇ ವೇಗವಿರುವುದಿಲ್ಲ. 10 ಎಂ.ಇ.ವಿ. ಪ್ರೋಟಾನು ಒಂದು ಮಿಲಿಮೀಟರನ್ನು ಸುಮಾರು 23 ಪಿಕೊಸೆಕೆಂಡುಗಳಲ್ಲಿ ದಾಟಿದರೆ 5 ಎಂ.ಇ.ವಿ. ಪ್ರೋಟಾನಿಗೆ 32 ಪಿಕೊಸೆಕೆಂಡು ಬೇಕು. ಅಂತರ ಹತ್ತರ ಆಸುಪಾಸು. ಅದೇ ಬಟ್ಟಲು ನಾಲ್ಕು ಮಿಲಿಮೀಟರ್ ದೂರದಲ್ಲಿದ್ದರೆ ಈ ಅಂತರ ನಲವತ್ತರ ಹತ್ತಿರಕ್ಕೆ ಹೋಗುತ್ತದೆ. ಕಿಡಿಗೆ ದೊರೆಯುವ ಅವಧಿಯೇ ಇಪ್ಪತ್ತು ಪಿಕೊಸೆಕೆಂಡು. ಆದ್ದರಿಂದ ಬಟ್ಟಲು ಇಂಧನಕ್ಕೆ ತೀರ ಹತ್ತಿರದಲ್ಲಿ, ಮಿಲಿಮೀಟರಿನ ಆಜುಬಾಜಿನಲ್ಲಿಯೇ ಇರಬೇಕು. ಲೆಕ್ಕಗಾರರಿಗೆ ಇಲ್ಲೊಂದು ಅನುಕೂಲವೂ ಕಂಡಿತು. ಮೊದಲು ಬಂದ ವೇಗದ ಪ್ರೋಟಾನುಗಳು ಇಂಧನವನ್ನು ಕಾಯಿಸುತ್ತವೆ. ಕಾದ ಪ್ಲಾಸ್ಮಾದಲ್ಲಿ ತಡೆ ಕಡಮೆ. ಹೀಗಾಗಿ ತಡವಾಗಿ ಬರುವ ನಿಧಾನದ ಪ್ರೋಟಾನುಗಳೂ ಹೆಚ್ಚುಕಡಮೆ ಅದೇ ಆಳದವರೆಗೆ ತಲುಪುತ್ತವೆ. ಮುಂದೆ ಹೋದವರು ಹಿಂದಿನವರಿಗೆ ದಾರಿ ಸವೆಸಿಕೊಟ್ಟಂತೆ. ವೇಗಗಳ ಹರವು ಅಷ್ಟರಮಟ್ಟಿಗೆ ದೋಷವಲ್ಲವೆಂದು ಟೆಂಪೊರಾಲ್, ಹೊನ್ರೂಬಿಯಾ, ಅಟ್ಜೆನಿ ಅವರ 2002ರ ಅಧ್ಯಯನ ತೋರಿಸಿತು.

ಆದರೆ ಒಳನುಗ್ಗುತ್ತಿರುವ ಗುಳಿಗೆಯಿಂದ ಒಂದು ಮಿಲಿಮೀಟರ್ ದೂರದಲ್ಲಿ ಕೆಲವೇ ಮೈಕ್ರಾನ್ ದಪ್ಪದ ಹಾಳೆಯೊಂದು ಬದುಕಿ ಉಳಿಯುವುದು ಹೇಗೆ? ಸುತ್ತಲಿನ ಬೆಂಕಿಯಿಂದ ಅದು ಮೊದಲೇ ಕಾದು ಉಬ್ಬಿದರೆ ಹಿಂಬದಿಯ ಚೂಪಾದ ಅಂಚು ಅಳಿದು ವಿದ್ಯುತ್ ಕ್ಷೇತ್ರವೇ ಕುಸಿಯುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಶಂಕು. ಇಂಧನಗೋಲದ ಒಂದು ಬದಿಗೆ ಚಿನ್ನದ ಶಂಕುವೊಂದನ್ನು ತೂರಿಸಿ, ಅದರ ತುದಿ ಗೋಲದ ಕೇಂದ್ರದ ಸಮೀಪಕ್ಕೆ ಬರುವಂತೆ ಮಾಡುವುದು. ಅಯಾನು ಹುಟ್ಟಿಸುವ ಬಟ್ಟಲನ್ನು ಶಂಕುವಿನೊಳಗೆ ಮರೆಯಲ್ಲಿ ಕೂರಿಸುವುದು. ಶಂಕುವಿನ ಉಪಯೋಗವನ್ನು ಎಲೆಕ್ಟ್ರಾನ್ ಮಾರ್ಗಕ್ಕಾಗಿ ಜಪಾನಿನ ಒಸಾಕದಲ್ಲಿ ಕೊಡಾಮಾ ಮತ್ತು ಸಂಗಡಿಗರು 2001ರಲ್ಲಿಯೇ ತೋರಿಸಿದ್ದರು. ಪ್ರೋಟಾನುಗಳ ವಿಷಯದಲ್ಲಿ ಶಂಕುವಿನ ಗೋಡೆಗಳ ಮೇಲೆ ಏರ್ಪಡುವ ವಿದ್ಯುತ್ ಕ್ಷೇತ್ರವು ಕಿರಣವನ್ನು ಇನ್ನಷ್ಟು ಬಿಗಿಗೊಳಿಸುತ್ತದೆಂದು ಬಾರ್ಟಲ್ ಮತ್ತು ಸಂಗಡಿಗರು 2012ರಲ್ಲಿ ವರದಿ ಮಾಡಿದರು.

ಶಂಕು ಬಂದೊಡನೆ ಹೊಸ ತೊಡಕುಗಳೂ ಬಂದವು. ದುಂಡನೆಯ ಗೋಲ ಈಗ ದುಂಡಾಗಿ ಉಳಿದಿಲ್ಲ. ಒಳನುಗ್ಗುವ ಚಿಪ್ಪು ಶಂಕುವಿನ ಗೋಡೆಯನ್ನು ಉಜ್ಜುತ್ತ ಜಾರುವಾಗ ಚಿನ್ನದ ಅಣುಗಳು ಇಂಧನದಲ್ಲಿ ಬೆರೆಯುವ ಅಪಾಯವಿದೆ. ಭಾರದ ಅಣುಗಳು ಕಾವನ್ನು ಕ್ಷಕಿರಣಗಳ ರೂಪದಲ್ಲಿ ಹೊರಚೆಲ್ಲಿ ಇಂಧನವನ್ನು ತಣಿಸುತ್ತವೆ. ಕುಸಿತದ ಕೊನೆಯಲ್ಲಿ ಶಂಕುವಿನ ತುದಿಗೆ ಪ್ಲಾಸ್ಮಾದ ಚಿಲುಮೆಯೊಂದು ಬಡಿಯುತ್ತದೆ. ಅದನ್ನು ತಡೆಯಲು ತುದಿಯನ್ನು ದಪ್ಪ ಮಾಡಿದರೆ ಪ್ರೋಟಾನುಗಳು ಅಲ್ಲಿಯೇ ಶಕ್ತಿ ಕಳೆದುಕೊಂಡು ಚೆದುರುತ್ತವೆ. ತೆಳು ಮಾಡಿದರೆ ತುದಿ ಒಡೆದು ಬಟ್ಟಲು ಹಾಳಾಗುತ್ತದೆ. ಚಿನ್ನದ ಬದಲು ಇಂಗಾಲದಂತಹ ಹಗುರ ಮೂಲವಸ್ತುವಿನ ತುದಿಯನ್ನು ಬಳಸಿದರೆ ಚೆದುರುವಿಕೆ ಕಡಮೆ. ಆದರೆ ಚಿನ್ನದ ಶಂಕುವಿಗೆ ಇಂಗಾಲದ ತುದಿಯನ್ನು ಬೆಸೆಯುವುದು ಮತ್ತೊಂದು ಕಸುಬು. ಹೀಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲಾಗುವ ಕಟ್ಟು ಇದು.

ಇಂಗಾಲದ ಅಯಾನುಗಳ ಮಾರ್ಗ ಇದಕ್ಕೊಂದು ಪರ್ಯಾಯ. ಲಾಸ್ ಅಲಮೋಸಿನ ಫರ್ನಾಂಡೆಸ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಪ್ರತಿಪಾದಿಸಿದ್ದಾರೆ. ಸುಮಾರು 10 ಕಿಲೋಜೂಲ್ ಶಕ್ತಿಯನ್ನು ಒಯ್ಯಲು ಪ್ರೋಟಾನುಗಳಾದರೆ ಹತ್ತರ ಹದಿನಾರನೆಯ ಘಾತದ ಪ್ರಮಾಣದಲ್ಲಿ ಬೇಕು, 440 ಎಂ.ಇ.ವಿ. ಆಸುಪಾಸಿನ ಇಂಗಾಲದ ಅಯಾನುಗಳಾದರೆ ಹತ್ತರ ಹದಿನಾಲ್ಕನೆಯ ಘಾತದಷ್ಟು ಸಾಕು. ಅವುಗಳೆಲ್ಲಕ್ಕೂ ಹೆಚ್ಚುಕಡಮೆ ಒಂದೇ ಶಕ್ತಿ ಇರುವಂತೆ ಮಾಡಲು ಸಾಧ್ಯವಾದರೆ ದಾರಿಯಲ್ಲಿ ಹಿಂದೆಮುಂದಾಗುವ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಅಯಾನುಗಳ ಶಕ್ತಿಯಲ್ಲಿ ಶೇಕಡಾ ಹತ್ತರ ವ್ಯತ್ಯಾಸವಿದ್ದರೂ ಒಂದು ಸೆಂಟಿಮೀಟರ್ ದೂರವನ್ನು ಕ್ರಮಿಸುವಷ್ಟರಲ್ಲಿ ಅವುಗಳ ನಡುವಣ ಕಾಲದ ಅಂತರ ಆರು ಪಿಕೊಸೆಕೆಂಡುಗಳಷ್ಟೆ. ಅಂದರೆ ಹಾಳೆಯನ್ನು ಗುಳಿಗೆಯಿಂದ ದೂರವಿರಿಸಬಹುದು, ಶಂಕುವೇ ಬೇಡವೆನ್ನಬಹುದು, ಗುಳಿಗೆ ಮತ್ತೆ ಬರಿಯ ಗೋಲವಾಗಬಹುದು. ತೊಡಕಿರುವುದು ಅಯಾನುಗಳನ್ನು ಹುಟ್ಟಿಸುವಲ್ಲಿ. ಹೆಗೆಲಿಶ್ ಮತ್ತು ಸಂಗಡಿಗರು 2006ರಲ್ಲಿ ಹೆಚ್ಚುಕಡಮೆ ಒಂದೇ ಶಕ್ತಿಯ ಇಂಗಾಲದ ಅಯಾನುಗಳನ್ನು ಪಡೆದರಾದರೂ ಅವುಗಳ ಶಕ್ತಿ ಪ್ರತಿ ನ್ಯೂಕ್ಲಿಯಾನಿಗೆ ಸುಮಾರು 3 ಎಂ.ಇ.ವಿ. ಮಾತ್ರ, ಬೇಕಾದದ್ದು ಅದರ ಹನ್ನೆರಡು ಪಟ್ಟು. ಒಂದು ಸೆಂಟಿಮೀಟರ್ ದೂರದಿಂದ 20 ಮೈಕ್ರಾನ್ ಗುರಿಯನ್ನು ಹೊಡೆಯುವುದೂ ಹಗುರದ ಮಾತಲ್ಲ.

ಯಾವ ಅಯಾನನ್ನು ಆರಿಸಿದರೂ ಲೇಸರ್ ಶಕ್ತಿಯ ಹತ್ತರಲ್ಲಿ ಒಂದು ಪಾಲು ಅಯಾನು ಕಿರಣಕ್ಕೆ ಸಂದರೆ ಅದೇ ಒಳ್ಳೆಯ ಫಲವೆನಿಸುತ್ತದೆ. ಆ ಲೆಕ್ಕದಲ್ಲಿ 18 ಕಿಲೋಜೂಲಿನ ಕಿಡಿಗೆ 180 ಕಿಲೋಜೂಲಿನ ಕಿರುಮಿಡಿತದ ಲೇಸರ್ ಬೇಕು. ಇದುವರೆಗೆ ಕಟ್ಟಿರುವ ಇಂತಹ ಲೇಸರುಗಳು ಕೆಲವು ಕಿಲೋಜೂಲಿನ ಮಟ್ಟದವು. ಜ್ವಲನ ಸಾಧ್ಯವಾಗಿರುವುದು ಕೇಂದ್ರಬಿಂದುವಿನ ಮಾರ್ಗದಲ್ಲಿ ಮಾತ್ರ. ಅಯಾನು ಮಾರ್ಗದ ಬಿಡಿಭಾಗಗಳು ಬೇರೆಬೇರೆಯಾಗಿ ಪರೀಕ್ಷೆಗೊಳಗಾಗಿವೆಯೇ ಹೊರತು ಇಡಿಯಾಗಿ ಒಂದು ಗುಳಿಗೆ ಆ ರೀತಿ ಹೊತ್ತಿಕೊಂಡಿಲ್ಲ.

ಮಾಟದ ಬಗೆಗಳು

ಗುಳಿಗೆಯನ್ನು ಮಾಡುವವರ ಚರಿತ್ರೆಯನ್ನು ಲೇಸರ್ ಕಟ್ಟಿದವರ ಚರಿತ್ರೆಯಷ್ಟು ಯಾರೂ ಬರೆದಿಲ್ಲವೆನ್ನುವುದು ಸಹಜವಾದರೂ ನ್ಯಾಯವಲ್ಲ. ಆರಂಭದ ದಿನಗಳಲ್ಲಿ ಗುಳಿಗೆಯನ್ನು ಮಾಡುತ್ತಿರಲಿಲ್ಲ, ಹೆಕ್ಕುತ್ತಿದ್ದರು. ಬಣ್ಣ, ಪ್ಲಾಸ್ಟಿಕ್ ಮುಂತಾದವುಗಳಿಗೆ ಬೆರೆಸಲೆಂದು ಕಾರ್ಖಾನೆಗಳು ರಾಶಿಗಟ್ಟಲೆ ತಯಾರಿಸುತ್ತಿದ್ದ ಗಾಜಿನ ಟೊಳ್ಳುಮಣಿಗಳನ್ನು ತಂದು, ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೂ ನೋಡಿ, ದುಂಡಾದುದನ್ನೂ ಗೋಡೆ ಸಮನಾಗಿರುವುದನ್ನೂ ಆರಿಸಿಕೊಳ್ಳುತ್ತಿದ್ದರು. ಸಾವಿರಾರು ಮಣಿಗಳಲ್ಲಿ ಕೈಗೆ ಹತ್ತುತ್ತಿದ್ದುದು ಬೆರಳೆಣಿಕೆಯಷ್ಟು. ಅಮೆರಿಕದ ಆನ್ ಆರ್ಬರಿನಲ್ಲಿದ್ದ ಕೆ.ಎಂ.ಎಸ್. ಫ್ಯೂಷನ್ ಎಂಬ ಖಾಸಗಿ ಸಂಸ್ಥೆ 1974ರಲ್ಲಿ ಲೇಸರ್ ಒತ್ತಡದಿಂದ ಸಮ್ಮಿಳನದ ನ್ಯೂಟ್ರಾನುಗಳನ್ನು ಪಡೆದಾಗ ಒಡೆದದ್ದು ಗಾಜಿನ ಇಂತಹ ಮಣಿಗಳೇ. ಬೀಜದ ಕಾಳನ್ನು ಮೊರದಲ್ಲಿ ಹಸನು ಮಾಡುವವರ ಕಣ್ಣಿಗೂ ಈ ಕಣ್ಣಿಗೂ ತಾತ್ವಿಕವಾಗಿ ಭೇದವಿಲ್ಲ.

ಆಮೇಲೆ ಬಂದದ್ದು ಅಚ್ಚಿನ ಮೇಲೆ ಚಿಪ್ಪನ್ನು ಬೆಳೆಸಿ ಅಚ್ಚನ್ನು ತೆಗೆದುಹಾಕುವ ವಿಧಾನ. ಪ್ಲಾಸ್ಟಿಕ್ ಗುಳಿಗೆಗಳಲ್ಲಿ, ಕಾವಿಗೆ ಒಡೆದು ಆವಿಯಾಗುವ ಪಾಲಿಮರಿನ ಗೋಲವೇ ಅಚ್ಚು. ಅದರ ಮೇಲೆ ಗಟ್ಟಿಯಾದ ಬೇರೊಂದು ಪಾಲಿಮರಿನ ಲೇಪ ಬೆಳೆದ ನಂತರ ಕಾಯಿಸಿದರೆ ಒಳಗಿನ ಅಚ್ಚು ಆವಿಯಾಗಿ ಗೋಡೆಯ ಮೂಲಕವೇ ಹೊರಹೋಗುತ್ತದೆ. 2022ರ ಡಿಸೆಂಬರಿನ ಪ್ರಯೋಗದಲ್ಲಿ ಬಳಸಿದ್ದು ವಜ್ರದ ಗುಳಿಗೆ. ಇದರ ಚಿಪ್ಪನ್ನು ಜರ್ಮನಿಯ ಫ್ರೈಬುರ್ಗಿನಲ್ಲಿ ಸಿಲಿಕಾನ್ ಗೋಲಗಳ ಮೇಲೆ ಅನಿಲದಿಂದ ವಜ್ರವನ್ನು ಇಳಿಸಿ ಬೆಳೆಸಲಾಗುತ್ತದೆ; ಮೇಲ್ಮೈಯನ್ನು ಉಜ್ಜಿ ನುಣುಪಾಗಿಸಲಾಗುತ್ತದೆ; ಲೇಸರಿನಿಂದ ಸಣ್ಣ ರಂಧ್ರ ಕೊರೆದು ಅದರ ಮೂಲಕ ಒಳಗಿನ ಸಿಲಿಕಾನನ್ನು ಆಮ್ಲದಲ್ಲಿ ಕರಗಿಸಿ ತೆಗೆಯಲಾಗುತ್ತದೆ. ಉಳಿಯುವುದು ಸುಮಾರು ಎರಡು ಮಿಲಿಮೀಟರ್ ವ್ಯಾಸದ, 80 ಮೈಕ್ರಾನ್ ಆಸುಪಾಸಿನ ದಪ್ಪದ ಟೊಳ್ಳು ವಜ್ರ. ಅಚ್ಚನ್ನು ಕಳೆದು ಆಕಾರವನ್ನು ಉಳಿಸಿಕೊಳ್ಳುವ ಈ ತತ್ವವು ಲೋಹಶಿಲ್ಪಿಗಳಿಗೆ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕದ ಮಧುಚ್ಛಿಷ್ಟ ವಿಧಾನದ ವಿವರಣೆ ಇದೆ. ಇಲ್ಲಿ ಪ್ರಭಾವದ ಪ್ರಶ್ನೆಯನ್ನು ಎತ್ತುತ್ತಿಲ್ಲ. ಒಳಗು ಟೊಳ್ಳಾದ ನಿಷ್ಕೃಷ್ಟ ಆಕಾರವೊಂದು ಬೇಕಾದಾಗ ಕಸುಬುಗಾರರು ತಲುಪುವ ದಾರಿಗಳು ಕೆಲವೇ ಎಂಬುದಷ್ಟೇ ಗಮನಾರ್ಹ.

ಚಿಪ್ಪು ಸಿದ್ಧವಾದ ಮೇಲೆ ಅದರೊಳಗೆ ಕೆಲವೇ ಮೈಕ್ರಾನ್ ವ್ಯಾಸದ ಗಾಜಿನ ನಳಿಕೆಯನ್ನು ಅಂಟಿಸಬೇಕು. ಇಂಧನ ತುಂಬುವುದು ಅದರ ಮೂಲಕ. ಈ ಜೋಡಣೆ ಸೂಕ್ಷ್ಮದರ್ಶಕದ ಕೆಳಗೆ ನುರಿತ ಕೈಗಳಿಂದ ನಡೆಯುವ ಕೆಲಸ. ಗುಳಿಗೆಯನ್ನು ತೂಗುಹಾಕಲು ಬಳಸುವ, ಅಲ್ಲಿನವರು ‘ಟೆಂಟ್’ ಎಂದು ಕರೆಯುವ, ಅತ್ಯಂತ ತೆಳುವಾದ ಪೊರೆಯೂ ಚಿಪ್ಪು ಕುಸಿಯುವಾಗ ತನ್ನ ಗಾಯದ ಗುರುತನ್ನು ಮೂಡಿಸುತ್ತದೆಂದು ಕಂಡುಬಂತು. ನಳಿಕೆಯದೂ ಅದೇ ಕಥೆ. ನಳಿಕೆಯನ್ನು ಇನ್ನಷ್ಟು ಸಣ್ಣದಾಗಿಸಿದ್ದು, ಚಿಪ್ಪಿನ ಗುಳಿ ಮತ್ತು ಪೊಳ್ಳುಗಳನ್ನು ಎಣಿಸಿ ಒಳ್ಳೆಯದನ್ನು ಆರಿಸಿದ್ದು 2021ರ ಆಗಸ್ಟಿನ 1.35 ಮೆಗಾಜೂಲಿನ ಫಲಿತಾಂಶಕ್ಕೆ ನೇರವಾಗಿ ನೆರವಾದವು. ಅನಂತರ ಅದೇ ಮಾದರಿಯನ್ನು ಪುನರಾವರ್ತಿಸಿದಾಗ ಅಷ್ಟು ಶಕ್ತಿ ದೊರೆಯಲಿಲ್ಲ. ಕಾರಣಗಳಲ್ಲಿ ಗುಳಿಗೆಯ ಗುಣಮಟ್ಟವೂ ಒಂದಾಗಿತ್ತು. 2022ರ ಡಿಸೆಂಬರಿನಲ್ಲಿ ಚಿಪ್ಪನ್ನು ತುಸು ದಪ್ಪವಾಗಿಸಿ, ಲೇಸರ್ ಶಕ್ತಿಯನ್ನು ಏರಿಸಿದಾಗ ದೋಷಗಳನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚಿತು.

ಇನ್ನು ಇಂಧನದ ಪದರ. ಸುಮಾರು 19 ಕೆಲ್ವಿನ್ ಶೈತ್ಯದಲ್ಲಿ ಇದು ಚಿಪ್ಪಿನ ಒಳಗೋಡೆಗೆ ಹಿಮವಾಗಿ ಕೂರಬೇಕು, ಎಲ್ಲೆಡೆ ಒಂದೇ ದಪ್ಪವಾಗಿ. ಯಾವ ಉಪಕರಣವೂ ಒಳಹೊಕ್ಕು ಅದನ್ನು ಸವರಲಾರದು. ಈ ಕೆಲಸವನ್ನು ಟ್ರಿಟಿಯಂ ತಾನೇ ಮಾಡಿಕೊಳ್ಳುತ್ತದೆ. ಅದು ವಿಕಿರಣಶೀಲ, ಕ್ಷಯಿಸುತ್ತ ತುಸುತುಸುವೇ ಕಾವನ್ನು ಹೊರಬಿಡುತ್ತದೆ. ಹಿಮ ದಪ್ಪವಿದ್ದಲ್ಲಿ ಕಾವು ಹೆಚ್ಚು, ಆದ್ದರಿಂದ ಅಲ್ಲಿ ಹಿಮ ಆವಿಯಾಗುತ್ತದೆ. ತೆಳುವಿದ್ದಲ್ಲಿ ತಂಪು, ಆವಿ ಅಲ್ಲಿಗೆ ಬಂದು ಹೆಪ್ಪುಗಟ್ಟುತ್ತದೆ. ಗಂಟೆಗಳು ಕಳೆದಂತೆ ಪದರ ತಾನಾಗಿ ಸಮನಾಗುತ್ತದೆ. ಇಡೀ ತಯಾರಿಕೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಹಂತ ಇದು. ಆದರೆ ಈ ಸಮತೋಲಕ್ಕೆ ಗೋಲದ ಹೊರಗಿನ ಶೈತ್ಯವೂ ಎಲ್ಲ ಕಡೆ ಒಂದೇ ಆಗಿರಬೇಕು. ಶಂಕು ಚುಚ್ಚಿದ ಗುಳಿಗೆಯಲ್ಲಿ ಲೋಹದ ಶಂಕು ಕಾವನ್ನು ಬೇರೆ ದರದಲ್ಲಿ ಸಾಗಿಸುವುದರಿಂದ ಅದರ ಸುತ್ತ ಹಿಮದ ದಪ್ಪ ವ್ಯತ್ಯಾಸಗೊಳ್ಳುತ್ತದೆ. ಇದನ್ನು ತಪ್ಪಿಸಲು ಸ್ಪಂಜಿನಂತೆ ರಂಧ್ರಮಯವಾದ ಪಾಲಿಮರ್ ನೊರೆಯ ಚಿಪ್ಪಿಗೆ ದ್ರವ ಇಂಧನವನ್ನು ಹೀರಿಸುವ ಕ್ರಮವನ್ನು ಒಸಾಕ ಮೊದಲಾದೆಡೆಗಳಲ್ಲಿ ಬೆಳೆಸಲಾಗಿದೆ. ನೊರೆಯ ಇಂಗಾಲ ಇಂಧನದೊಂದಿಗೆ ಸೇರಿಕೊಳ್ಳುವುದು ಅದರ ನಷ್ಟ.

ದಿನಕ್ಕೆ ಎಷ್ಟು?

ಕ್ಷಿಪ್ರ ಜ್ವಲನವನ್ನು ಬಯಸುವವರ ಮುಖ್ಯ ವಾದ, ಅದು ಕಡಮೆ ಲೇಸರ್ ಶಕ್ತಿಗೆ ಹೆಚ್ಚು ಫಲ ಕೊಡುತ್ತದೆ, ಮತ್ತು ಗುಳಿಗೆಯ ದುಂಡುತನದ ಬಗೆಗೆ ಅಷ್ಟು ಕಟ್ಟುನಿಟ್ಟಲ್ಲ ಎಂಬುದು. ನಡುವಿನ ಸೂಕ್ಷ್ಮ ಕಿಡಿಯನ್ನು ಕುಸಿತದಿಂದಲೇ ಪಡೆಯಬೇಕಾದ ಅಗತ್ಯವಿಲ್ಲದ್ದರಿಂದ ಈ ವಾದದಲ್ಲಿ ಹುರುಳಿದೆ. ಆದರೆ ಪ್ರೋಟಾನ್ ಮಾರ್ಗದ ಗುಳಿಗೆಯನ್ನು ಬಿಚ್ಚಿ ನೋಡಿದರೆ ಚಿಪ್ಪಿನಲ್ಲಿ ಉಳಿಸಿದ ಶ್ರಮವು ಶಂಕುವಿಗೂ ಬಟ್ಟಲಿಗೂ ಅವೆರಡರ ಜೋಡಣೆಗೂ ವರ್ಗವಾಗಿದೆಯೆಂದು ಹೇಳಬೇಕಾಗುತ್ತದೆ. ವಿದ್ಯುತ್ ಸ್ಥಾವರದ ಯೋಜನೆಗಳು ಸೆಕೆಂಡಿಗೆ ಹತ್ತು ಗುಳಿಗೆಗಳ ಲೆಕ್ಕದಲ್ಲಿ ಮಾತನಾಡುತ್ತವೆ. ಅದು ದಿನಕ್ಕೆ 8 ಲಕ್ಷ 64 ಸಾವಿರ. ಪ್ರತಿಯೊಂದರಲ್ಲಿಯೂ ಹಿಮದ ಪದರ, ಶಂಕು, ತುದಿ, ಬಾಗಿದ ಹಾಳೆ; ಪ್ರತಿಯೊಂದೂ ಕ್ಷಣದಲ್ಲಿ ಭಸ್ಮವಾಗುವಂಥದು; ಪ್ರತಿಯೊಂದರ ಬೆಲೆ ಅದು ಕೊಡುವ ವಿದ್ಯುತ್ತಿನ ಬೆಲೆಗಿಂತ ಬಹಳ ಕಡಮೆ ಇರಬೇಕಾದುದು. ಒಂದು ಗುಳಿಗೆಗೆ ತಿಂಗಳುಗಟ್ಟಲೆ ದುಡಿಯುವ ಇಂದಿನ ಕೈಗಳು ಅಲ್ಲಿಗೆ ಒಗ್ಗುವುದಿಲ್ಲ. ಆ ಕೈಗಳು ಕಲಿತಿರುವುದನ್ನು ಯಂತ್ರಕ್ಕೆ ಹೇಳಿಕೊಡಬೇಕಾದರೆ ಅದನ್ನು ಮೊದಲು ಮಾತಿಗೆ ತರಬೇಕು. ಯಾವ ಅಂಟಿನ ಹನಿ ಹೆಚ್ಚಾಯಿತು, ಯಾವ ಮೇಲ್ಮೈ ಕೊಳೆಯಾಯಿತು ಎಂಬುದನ್ನು ನೋಡಿದೊಡನೆ ಗ್ರಹಿಸುವ ಕಸುಬುಗಾರನ ಅರಿವು ಕೈಪಿಡಿಗಳಲ್ಲಿ ಅರ್ಧವಷ್ಟೇ ಇರುತ್ತದೆ. ಕುಂಬಾರಿಕೆ, ಕಂಚುಗಾರಿಕೆಗಳ ಕ್ಷೇತ್ರಕಾರ್ಯ ಮಾಡಿದ ಯಾರಿಗಾದರೂ ಈ ಮಾತಿನ ತೂಕ ಗೊತ್ತು.

ಇನ್ನೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ಥಾವರದಲ್ಲಿ ಗುಳಿಗೆಯನ್ನು ಕೋಣೆಯೊಳಕ್ಕೆ ಎಸೆದು, ಹಾರುತ್ತಿರುವಾಗಲೇ ಲೇಸರಿನಿಂದ ಹೊಡೆಯಬೇಕು. ಬರಿಯ ಗೋಲಕ್ಕೆ ಹಿಂದುಮುಂದಿಲ್ಲ; ಹೇಗೆ ಉರುಳಿದರೂ ಅದು ಅದೇ. ಶಂಕುವುಳ್ಳ ಗುಳಿಗೆಗೆ ಮುಖವಿದೆ. ಆ ಮುಖ ಹೊತ್ತಿಸುವ ಲೇಸರಿನ ಕಡೆಗೇ ತಿರುಗಿರಬೇಕು, ಇಲ್ಲದಿದ್ದರೆ ಬೆಳಕು ಶಂಕುವಿನ ಗೋಡೆಗೆ ಬಡಿಯುತ್ತದೆ. ಇಂಗಾಲದ ಅಯಾನುಗಳ ಮಾರ್ಗ ಭೌತವಿಜ್ಞಾನಿಗೆ ಕಠಿನವಾದರೂ ಗುಳಿಗೆ ಮಾಡುವವನಿಗೆ ಕರುಣೆಯುಳ್ಳದ್ದು ಎನ್ನುವುದು ಈ ಕಾರಣದಿಂದ. ದೂರದಲ್ಲಿರುವ ಹಾಳೆಯನ್ನೂ ಪ್ರತಿ ಸಲ ಹೊಸದಾಗಿ ಒಡ್ಡಬೇಕೆಂಬುದು ನಿಜ, ಆದರೆ ಅದನ್ನು ಶೈತ್ಯದ ಹಿಮದೊಂದಿಗೆ ಅಂಟಿಸಿ ಒಯ್ಯಬೇಕಿಲ್ಲ. ಪ್ರೋಟಾನೋ ಇಂಗಾಲವೋ ಎಂಬ ಆಯ್ಕೆಯನ್ನು ಕಿರಣದ ಗುಣಗಳ ಮೇಲೆ ಮಾತ್ರ ತೂಗುವ ಚರ್ಚೆಗಳು ಗುಳಿಗೆಯ ಕಡೆಯ ಈ ತೂಕವನ್ನು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಜರ್ಮನಿ ಮತ್ತು ಅಮೆರಿಕಗಳಲ್ಲಿ 2021ರಲ್ಲಿ ಸ್ಥಾಪನೆಗೊಂಡ ಫೋಕಸ್ಡ್ ಎನರ್ಜಿ ಎಂಬ ಖಾಸಗಿ ಸಂಸ್ಥೆಯು ಪ್ರೋಟಾನ್ ಮಾರ್ಗವನ್ನು ಮುಂದಿಟ್ಟುಕೊಂಡು ಆರಂಭವಾಯಿತು; ಮಾರ್ಕುಸ್ ರೋತ್ ಅದರ ಸ್ಥಾಪಕರಲ್ಲೊಬ್ಬರು.

ಹೀಗೆ ಮಾಡಿದ ಗುಳಿಗೆಗಳನ್ನು ಕಣಜ ತುಂಬಿಡುವಂತೆಯೂ ಇಲ್ಲ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಪದರವನ್ನು ಸಮಗೊಳಿಸಿದ ಕ್ಷಯವೇ ಗುಳಿಗೆಯೊಳಗೆ ದಿನದಿನವೂ ಹೀಲಿಯಂ-3 ಅನಿಲವನ್ನು ಕೂಡಿಸುತ್ತ ಹೋಗುತ್ತದೆ. ಆ ಅನಿಲ ಹೆಚ್ಚಿದಷ್ಟೂ ಗುಳಿಗೆ ಸರಿಯಾಗಿ ಕುಸಿಯುವುದಿಲ್ಲ. ಆದ್ದರಿಂದ ಇಂಧನ ತುಂಬುವ, ಹಿಮ ಕಟ್ಟಿಸುವ, ಪರೀಕ್ಷಿಸುವ ಕೆಲಸಗಳೆಲ್ಲ ಸ್ಥಾವರದ ಪಕ್ಕದಲ್ಲಿಯೇ, ಬಳಕೆಯ ಹೊತ್ತಿಗೆ ಸರಿಯಾಗಿ ನಡೆಯಬೇಕಾಗುತ್ತದೆ.